ಎಲ್ಲಾರೂ ಬರ್ರಿ ಅಂದ ಚಳಿಗಾಲ

ಹೋದ ತಿಂಗಳು ಸಾಲಹಳ್ಳಿಗೆ ಹೋಗಿದ್ದೆ. ಅಲ್ಲಿ ನನ್ನ ತಂಗಿಯ ಮಗಳ ಮನೆ ಇದೆ. ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಒಳಗೆ ಹಂಚಿನ ಮೇಲೆ ಸಜ್ಜೆ ರೊಟ್ಟಿ ಬಿದ್ದಿತ್ತು. ರೊಟ್ಟಿಯ ಮೇಲೆ ಒತ್ತಿದ ಎಳ್ಳು ಹುರಿದು ಚಟಪಟ ಅನ್ನುತ್ತಿತ್ತು. ಆ ವಾಸನೆಗೆ ಬೇರೆಯವರ ಬಾಯಲ್ಲಿ ನೀರು ಬರುತ್ತದೆ. ನನಗೆ ಬರುವುದಿಲ್ಲ. ಇಡೀ ಆಯುಷ್ಯ ರೊಟ್ಟಿ ಬಡಿದವಳಿಗೆ ಅದು ಕೆಲಸದ ವಾಸನೆ, ಬೆನ್ನು ನೋಯುತ್ತದೆ ಅಷ್ಟೇ. ಆದರೆ ಅವತ್ತು ಬೆನ್ನುನೋವಿನ ಜೊತೆಗೆ ಒಂದು ಚಳಿಗಾಲವೂ ನೆನಪಾಯಿತು. ನಾವು ನಾಲ್ಕು ಜನ ಹೆಂಗಸರು ಮೊಬೈಲಿನಲ್ಲಿ ಯಾವ ಆ್ಯಪ್ ಇಟ್ಟುಕೊಳ್ಳಬೇಕು ಅಂತ ಜಗಳಾಡಿದ ಚಳಿಗಾಲ. ಕೇಳಿದವರು ನಗುತ್ತಾರೆ, ನಗಲಿ. ಆಗ ಅದರಿಂದ ಒಬ್ಬಳ ಕೆಲಸವೇ ಹೋಗುವುದರಲ್ಲಿತ್ತು.

ಬೈಲಹೊಂಗಲದಲ್ಲಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಕಸ್ತೂರಿಯ ಮನೆ. ಮನೆಯ ಮುಂದೆ ತಗಡಿನ ಶೆಡ್ಡು, ಅದರಲ್ಲಿ ಸಾಲಾಗಿ ನಾಲ್ಕು ಒಲೆ. ಮದುವೆ, ಸೀಮಂತ, ಹಬ್ಬ ಅಂದರೆ ಪೇಟೆಯ ಜನ ಅವಳಿಗೆ ರೊಟ್ಟಿ ಮಾಡಿಕೊಡಲು ಹೇಳುತ್ತಿದ್ದರು. ಅವರ ಮನೆಗಳಲ್ಲಿ ರೊಟ್ಟಿ ಬಡಿಯುವ ಕೈಗಳು ಕಡಿಮೆಯಾಗಿ ಬಹಳ ದಿನವಾಗಿತ್ತು. ಕಸ್ತೂರಿಯ ಮನೆಯ ಗೋಡೆಗೆ ಬುದ್ಧನ ಫೋಟೊ ಇತ್ತು. ಮೊದಮೊದಲು ಅದನ್ನು ನೋಡಿ ಬಾಗಿಲಿನಿಂದಲೇ ಹೊರಳಿ ಹೋದವರಿದ್ದರು. ಆಮೇಲೆ ಯಾರದೋ ಮದುವೆಯಲ್ಲಿ ಅದೇ ರೊಟ್ಟಿ ತಿಂದು, ಎಲ್ಲಿಯದು ಅಂತ ಕೇಳಿಕೊಂಡು ಬಂದರು. ಹೊಟ್ಟೆಯ ಮುಂದೆ ಮಡಿ ಬಹಳ ದಿನ ನಿಲ್ಲುವುದಿಲ್ಲ.

ಕೆಲಸದವರು ನಾನು, ಕಸ್ತೂರಿ, ಪಕ್ಕದ ಮನೆಯ ಶಿವಲೀಲಾ, ಮತ್ತೆ ಚಚಡಿಯಿಂದ ಬಸ್ಸಿಗೆ ಬರುತ್ತಿದ್ದ ಬಾಳವ್ವ. ಬಾಳವ್ವನಿಗೆ ಕಿವಿ ಇಲ್ಲ. ಹುಟ್ಟು ಕಿವುಡಿಯಲ್ಲ, ಎರಡು ಮಕ್ಕಳಾದ ಮೇಲೆ ಜ್ವರ ಬಂದು ಕಿವಿ ಹೋದವು. ಎದುರು ನಿಂತು ಹೇಳಿದರೆ ತುಟಿ ನೋಡಿ ಎಲ್ಲ ತಿಳಿಯುತ್ತಿದ್ದಳು. ತನ್ನ ದನಿ ತನಗೇ ಕೇಳದ್ದರಿಂದ ಗುಟ್ಟು ಹೇಳಿದರೂ ಓಣಿಯ ತುದಿಯವರೆಗೆ ಕೇಳುತ್ತಿತ್ತು. ಊರಲ್ಲಿ ಹೊಲದ ಕೆಲಸಕ್ಕೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಹಿಂದಿನಿಂದ ಟ್ರ್ಯಾಕ್ಟರ್ ಬಂದರೆ ಗೊತ್ತಾಗುವುದಿಲ್ಲ, ಏನಾದರೂ ಆದರೆ ನಮ್ಮ ತಲೆಗೆ ಬರುತ್ತದೆ ಅನ್ನುತ್ತಿದ್ದರು. ಅವಳ ಪಾಲಿಗೆ ಉಳಿದ ದುಡಿಮೆ ಅಂದರೆ ನಮ್ಮ ರೊಟ್ಟಿಯ ಒಲೆ ಒಂದೇ.

ಅವಳ ಮೇಲೆ ನನಗೆ ದೊಡ್ಡ ಪ್ರೀತಿಯೇನೂ ಇರಲಿಲ್ಲ. ಬಾಯಿ ಕೆಟ್ಟದ್ದು, ನನ್ನದರ ಹಾಗೆಯೇ. ಆದರೆ ಅವಳ ಕೈಯ ರೊಟ್ಟಿ ಹಾಳೆಯಷ್ಟು ತೆಳ್ಳಗೆ ಇರುತ್ತಿತ್ತು, ಎತ್ತಿದರೆ ಹರಿಯುತ್ತಿರಲಿಲ್ಲ. ಸಜ್ಜೆ ಹಿಟ್ಟಿಗೆ ಜಿಗಿ ಕಡಿಮೆ, ಬಡಿಯುವಾಗ ಅಂಚು ಬಿರಿಯುತ್ತದೆ. ಅವಳು ಬಡಿದರೆ ಬಿರಿಯುತ್ತಿರಲಿಲ್ಲ. ಅಂಥವಳು ಬಿಟ್ಟು ಹೋದರೆ ನಷ್ಟ ನಮಗೆ.

ಮೊದಲು ಇದಕ್ಕೆಲ್ಲ ಮೊಬೈಲು ಬೇಕಾಗಿರಲಿಲ್ಲ. ಸಂಜೆಯಾದರೆ ಕಸ್ತೂರಿ ನನ್ನ ಮನೆಗೆ, ಶಿವಲೀಲಾನ ಮನೆಗೆ ಬಂದು, ನಾಳೆ ಕೆಲಸ ಐತಿ ಬರ್ರಿ ಅಂತ ಹೇಳಿ ಹೋಗುತ್ತಿದ್ದಳು. ಚಚಡಿಯ ಬಸಪ್ಪ ಅಂತ ಒಬ್ಬ ನಮ್ಮ ಓಣಿಗೆ ಹಾಲು ಹಾಕುತ್ತಿದ್ದ. ಬಾಳವ್ವನಿಗೆ ಹೇಳಬೇಕಾದದ್ದನ್ನು ಅವನಿಗೆ ಹೇಳಿದರೆ, ಅವನು ಊರಿಗೆ ಹೋಗಿ ಅವಳ ಮುಂದೆ ನಿಂತು ಹೇಳುತ್ತಿದ್ದ. ಆ ವರ್ಷ ದೀಪಾವಳಿ ಮುಗಿದ ಮೇಲೆ ಬಸಪ್ಪ ಹಾಲನ್ನು ಊರ ಡೈರಿಗೇ ಹಾಕಲು ಶುರು ಮಾಡಿದ. ಚಳಿಯಲ್ಲಿ ಎದ್ದು ಗಾಡಿ ಹೊಡೆಯುವುದು ತಪ್ಪಿತು ಅವನಿಗೆ. ನಮಗೆ ಚಚಡಿಯ ದಾರಿ ಮುಚ್ಚಿತು.

ಮುಂದೆ ಆದದ್ದು ಇಷ್ಟು. ಕೆಲಸ ಇಲ್ಲದ ದಿನ ಬಾಳವ್ವ ಬಸ್ಸಿಗೆ ಬಂದು, ಒಲೆ ತಣ್ಣಗಿರುವುದನ್ನು ನೋಡಿ, ಬೈದುಕೊಳ್ಳುತ್ತ ಹೋದಳು. ಕೆಲಸ ಇದ್ದ ದಿನ ಬರಲೇ ಇಲ್ಲ. ಹೀಗೆ ಮತ್ತೆ ಮತ್ತೆ ಆಯಿತು. ಕೊನೆಗೆ ಅವಳೇ ತನ್ನ ತಮ್ಮನ ಹಳೆಯ ಮೊಬೈಲು ಇಸಿದುಕೊಂಡು, ಸೆರಗಿನಲ್ಲಿ ಸುತ್ತಿಕೊಂಡು ಬಂದು ಹಿಟ್ಟಿನ ಹಲಗೆಯ ಮೇಲೆ ಇಟ್ಟಳು.

"ಇದರಾಗ ಏನ ಹಾಕ್ತೀರಿ ಹಾಕ್ರಿ. ನನಗ ಸುದ್ದಿ ಮುಟ್ಟಬೇಕು" ಅಂದಳು. ಓಣಿಗೆಲ್ಲ ಕೇಳಿತು.

ನನ್ನ ಸೊಸೆ ರೇಣುಕಾ ಪೇಟೆಯಲ್ಲಿ ಬಟ್ಟೆಯ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮೊಬೈಲಿನ ವಿಷಯ ನಮ್ಮೊಳಗೆ ಅವಳಿಗೇ ಹೆಚ್ಚು ಗೊತ್ತು. ಒಂದು ರವಿವಾರ ಅವಳನ್ನು ಶೆಡ್ಡಿನಲ್ಲಿ ಕೂರಿಸಿದೆವು. ನನಗೆ ಆ್ಯಪುಗಳ ಹೆಸರು ಬಾಯಿಗೆ ಹತ್ತುವುದಿಲ್ಲ, ಬಣ್ಣದಿಂದ ಗುರುತಿಸುತ್ತೇನೆ. ಒಂದು ಹಸಿರು, ಒಂದು ನೀಲಿ.

"ಹಸಿರದು ಎಲ್ಲಾರ ಹತ್ರನೂ ಇರತೈತಿ. ಆದ್ರ ಅದರಾಗ ಬೀಗರು, ಬಿಜ್ಜರು, ಮುಂಜಾನಿ ಎದ್ದ ಕೂಡ್ಲೇ ದೇವರ ಫೋಟೋ ಕಳಸವ್ರು, ಎಲ್ಲಾರೂ ಅದಾರ. ನಿಮ್ಮ ಕೆಲಸದ ಸುದ್ದಿ ಅದರಾಗ ಮುಚ್ಚಿಹೊಕ್ಕೈತಿ" ಅಂದಳು ರೇಣುಕಾ. "ನಮ್ಮ ಅಂಗಡ್ಯಾಗ ನೀಲಿದು ಇಟ್ಟೇವಿ. ಕೆಲಸದ ಮಾತ ಅಷ್ಟ."

"ನನಗ ಬರಿಯೂದು ಆಗೂದಿಲ್ಲವಾ. ಬೆರಳಿಗೆಲ್ಲಾ ಹಿಟ್ಟು. ಮಾತಾಡಿ ಕಳಸೂದು ಐತಲ್ಲ, ಅದು ಚೊಲೊ" ಅಂದಳು ಕಸ್ತೂರಿ.

ಬಾಳವ್ವ ಅವಳ ತುಟಿಯನ್ನೇ ನೋಡುತ್ತಿದ್ದಳು. "ಏನ ಬೇ ಕಸ್ತೂರಿ, ಕಿವುಡಿಗೆ ಮಾತು ಕಳಸ್ತೀ? ನಾಳಿ ಕುರುಡಗ ಕನ್ನಡಿ ಕಳಸು. ನಾ ಸಾಲ್ಯಾಗ ನಾಕನೇತ್ತಾ ಮಟಾ ಕಲತೇನಿ. ಬರದ್ರ ಓದತೇನಿ."

"ಬರದ್ರ ನಾ ಏನ ಮಾಡ್ಲಿ? ನಾ ಸಾಲಿ ಕಟ್ಟಿ ಹತ್ತಿಲ್ಲ" ಅಂದಳು ಶಿವಲೀಲಾ.

ನಾನು ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು. ಅಕ್ಷರಗಳನ್ನು ಒಂದೊಂದಾಗಿ ಕೂಡಿಸುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಿ ಆಗುತ್ತದೆ. "ಇದೆಲ್ಲಾ ಯಾಕ ಬೇಕು? ಸುಮ್ಮ ಫೋನ್ ಹಚ್ಚಿ ಹೇಳೂದು" ಅಂದೆ.

"ಅತ್ತೀ, ಬಾಳವ್ವ ದೊಡ್ಡವ್ವಗ ಫೋನ್ ಹಚ್ಚಿ ಏನ ಕೇಳಸ್ತೀರಿ?" ಅಂದಳು ಸೊಸೆ. ಎಲ್ಲರೂ ನನ್ನನ್ನು ನೋಡಿದರು. ಮುದಿತನದಲ್ಲಿ ಸೊಸೆಯ ಕಡೆಯಿಂದ ಇಷ್ಟು ಅನ್ನಿಸಿಕೊಳ್ಳುವುದು ಇದ್ದದ್ದೇ.

ಕೊನೆಗೆ ನೀಲಿದು ಅಂತಾಯಿತು. ಕಸ್ತೂರಿ ಮಾತಾಡಿ ಕಳಿಸಬೇಕು, ಅದನ್ನೇ ರೇಣುಕಾ ಬಾಳವ್ವನಿಗಾಗಿ ಬರೆದು ಹಾಕಬೇಕು. ಓದಲು ಬಾರದ ಶಿವಲೀಲಾಗೆ ಗುರುತು ಸಿಗಲಿ ಅಂತ ರೇಣುಕಾ ಪ್ರತಿಯೊಬ್ಬರ ಹೆಸರಿಗೂ ಒಂದು ಚಿತ್ರ ಇಟ್ಟಳು. ಕಸ್ತೂರಿಗೆ ಒಲೆ, ಬಾಳವ್ವನಿಗೆ ಬಸ್ಸು. ನನಗೆ ಬೀಸುಕಲ್ಲು. ಯಾಕೆ ಅಂತ ಕೇಳಿದರೆ, "ನೀವು ಎಲ್ಲಾರನೂ ಬೀಸತೀರಲ್ಲ" ಅಂದಳು. ಶಿವಲೀಲಾ ನಕ್ಕು ನಕ್ಕು ಹಿಟ್ಟಿನಲ್ಲಿ ಕೈ ಊರಿದಳು.

ನೀಲಿದು ನಡೆಯಲಿಲ್ಲ. ಅದರ ತಪ್ಪಲ್ಲ. ಕೆಲಸದ ಮಾತು ಬಿಟ್ಟು ಬೇರೇನೂ ಅದರಲ್ಲಿ ಇಲ್ಲದ್ದರಿಂದ ನಾವ್ಯಾರೂ ಅದನ್ನು ತೆಗೆದೇ ನೋಡುತ್ತಿರಲಿಲ್ಲ. ಹಸಿರದಾದರೆ ಮೊಮ್ಮಕ್ಕಳ ಫೋಟೊ ಬರುತ್ತದೆ, ಯಾರದೋ ಮನೆಯ ತೊಟ್ಟಿಲು ಕಾಣುತ್ತದೆ, ಕೈ ತಾನೇ ಅಲ್ಲಿಗೆ ಹೋಗುತ್ತದೆ. ಒಂದು ಸೀಮಂತದ ರೊಟ್ಟಿಗೆ ಹೇಳಿ ಕಳಿಸಿದ ಸುದ್ದಿಯನ್ನು ಬಾಳವ್ವ ಸೀಮಂತ ಮುಗಿದ ಮೇಲೆ ಓದಿದಳು. ಮಾರನೆಯ ದಿನ ಅವಳು ಬಂದಾಗ ಕಸ್ತೂರಿ ಒಲೆಯ ಆ ಕಡೆ ನಿಂತು ನನಗೆ ಮೆಲ್ಲಗೆ, "ಹಿಂಗಾದ್ರ ಹೆಂಗ ಗಂಗಕ್ಕಾ? ಓಣ್ಯಾಗಿನಾಕಿ ಯಾರನ್ನರ ನೋಡೂಣೇನು?" ಅಂದಳು. ದನಿ ಮೆಲ್ಲಗಿದ್ದರೆ ಯಾರಿಗೂ ತಿಳಿಯುವುದಿಲ್ಲ ಅಂತ ಅವಳ ಲೆಕ್ಕ. ಬಾಳವ್ವನಿಗೆ ಮೆಲ್ಲಗೂ ಒಂದೇ, ಜೋರಾಗಿಯೂ ಒಂದೇ. ಅವಳು ದನಿ ಕೇಳುವವಳಲ್ಲ, ತುಟಿ ನೋಡುವವಳು. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಬೈಯಬೇಕಾದ ಬಾಯಿ ಸುಮ್ಮನಿದ್ದದ್ದನ್ನು ನಾನು ನೋಡಿದೆ. ಬಸ್ಸಿನ ಹೊತ್ತಾಯಿತು ಅಂತ ಎದ್ದು ಹೋದಳು.

ಆಮೇಲೆ ಹಸಿರದಕ್ಕೇ ಬಂದೆವು. ರೇಣುಕಾ ಅದರಲ್ಲಿ ನಮ್ಮದೊಂದು ಗುಂಪು ಮಾಡಿದಳು. ಸುದ್ದಿ ನೋಡಿದರೆ ಎರಡು ನೀಲಿ ಗೆರೆ ಬೀಳುತ್ತವೆ, ನೋಡಿಲ್ಲ ಅಂತ ಸುಳ್ಳು ಹೇಳಲು ಆಗುವುದಿಲ್ಲ ಅಂದಳು. ಕಸ್ತೂರಿಗೆ ಅದು ಬಹಳ ಸೇರಿತು. ಸಂಜೆ ಮನೆಮನೆಗೆ ಓಡಾಡುವುದನ್ನು ಬಿಟ್ಟಳು. ಚಳಿಗೆ ಅವಳ ಮೊಣಕಾಲು ನೋಯುತ್ತಿತ್ತು, ಬಿಟ್ಟದ್ದು ತಪ್ಪು ಅಂತ ಹೇಳಲಾರೆ.

ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಹೊಲಕ್ಕೆ ಬುತ್ತಿ ಒಯ್ದು, ಭೂಮಿಗೆ ಎಡೆಯಾಗಿ ಚರಗ ಚೆಲ್ಲಿ, ಬೆಳೆಯ ನಡುವೆ ಕುಳಿತು ಉಣ್ಣುತ್ತೇವೆ. ಬುತ್ತಿಯಲ್ಲಿ ಕಡಬು, ಬದನೆಕಾಯಿ ಪಲ್ಯ, ಪುಂಡಿಪಲ್ಯ ಏನೇ ಇರಲಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇರದಿದ್ದರೆ ಅದು ಬುತ್ತಿಯಲ್ಲ. ಪೇಟೆಯ ಮನೆಗಳಿಂದ ಕಸ್ತೂರಿಗೆ ಹಿಂದೆಂದೂ ಬಂದಿರದಷ್ಟು ರೊಟ್ಟಿಯ ಬೇಡಿಕೆ ಬಂದಿತ್ತು. ಹಿಂದಿನ ಸಂಜೆ ಅವಳು ಗುಂಪಿನಲ್ಲಿ ಮಾತಾಡಿ ಹಾಕಿದಳು: "ನಾಳಿ ನಸಕಿನ್ಯಾಗ ಎಲ್ಲಾರೂ ಬರ್ರಿ." ಅದನ್ನೇ ರೇಣುಕಾ ಬರೆದು ಹಾಕಿದಳು. ಎಲ್ಲರ ಮುಂದೆಯೂ ನೀಲಿ ಗೆರೆ ಬಿದ್ದವು.

ನಸುಕಿನಲ್ಲಿ ನಾನು ಹೋದೆ. ಕಸ್ತೂರಿ ಒಲೆ ಹಚ್ಚಿ, ಎಸರಿಗಿಟ್ಟು ಕುಳಿತಿದ್ದಳು. ಶಿವಲೀಲಾ ಬರಲಿಲ್ಲ. ಮೊದಲನೆಯ ಬಸ್ಸು ಬಂತು, ಬಾಳವ್ವ ಇಳಿಯಲಿಲ್ಲ. ಎರಡನೆಯದರಲ್ಲೂ ಇಲ್ಲ. ನಾವಿಬ್ಬರೇ ಬಡಿದೆವು. ಸಜ್ಜೆ ರೊಟ್ಟಿ ಅಂಚು ಬಿರಿಯಿತು, ಒಂದನ್ನು ಎತ್ತಿದರೆ ಎರಡಾಗುತ್ತಿತ್ತು. ಬಿಸಿಲೇರುವ ಹೊತ್ತಿಗೆ ಜನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರು. ಅರ್ಧ ಜನರಿಗೆ ಕೊಟ್ಟೆವು, ಅರ್ಧ ಜನ ಹೊರಳಿ ಹೋದರು. ಒಬ್ಬಾಕೆ ಹೋಗುವಾಗ, "ಇನ್ನ ಬ್ಯಾರೆ ಕಡೆ ಹೇಳತೇವಿ ಬಿಡ್ರಿ" ಅಂದಳು.

ಕಸ್ತೂರಿ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಳು. "ನೋಡ ಗಂಗಕ್ಕಾ, ಇಬ್ಬರೂ ನೋಡ್ಯಾರ. ಗೆರಿ ಬಿದ್ದಾವ. ನೋಡೀನೂ ಬಂದಿಲ್ಲ. ಸಾಕಾತು. ಚಚಡಿಯಾಕಿ ಬ್ಯಾಡ, ಮುಗೀತು."

ಅಷ್ಟರಲ್ಲಿ ಶಿವಲೀಲಾ ಕೊಡ ಹಿಡಿದು ನೀರಿಗೆ ಹೊರಟಿದ್ದಳು. ಕಸ್ತೂರಿ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು, "ಯಾಕ ಬರ್ಲಿಲ್ಲ?"

"ನನ್ನ ಯಾರು ಕರದ್ರು?"

"ಹಾಕಿದ್ದಿಲ್ಲೇನ? ಎಲ್ಲಾರೂ ಬರ್ರಿ ಅಂತ?"

"ಎಲ್ಲಾರೂ ಅಂದ್ರ ನಾನಾ?" ಅಂದಳು ಶಿವಲೀಲಾ. "ಹಬ್ಬದ ಕೆಲಸ. ಪ್ರತಿಸರ್ತಿ ಬಾಗಲಕ್ಕ ಬಂದು, ಶಿವಲೀಲಾ ಬಾರವಾ ಅಂತಿದ್ದಿ. ಈ ಸರ್ತಿ ಬರ್ಲಿಲ್ಲ. ಗ್ವಾಡಿ ಆಚಿ ಕಡೆ ಇದ್ದಾಕಿ, ಹತ್ತು ಹೆಜ್ಜಿ ಬರಾಕ ಆಗ್ಲಿಲ್ಲ. ನಾ ಬ್ಯಾಡಾಗಿರಬೇಕು ಅನಕೊಂಡೆ. ಕರೀದ ಬರಾಕ ನಾ ಏನ ಹಸದ ಕುಂತೇನೇನ?"

ಅವಳು ಹೇಳಿದ್ದು ತಪ್ಪಲ್ಲ. ನಮ್ಮಲ್ಲಿ ಮದುವೆಯ ರೊಟ್ಟಿಯಿರಲಿ, ಹಬ್ಬದ ಅಡುಗೆಯಿರಲಿ, ಹೆಂಗಸರನ್ನು ಬಾಗಿಲಿಗೆ ಹೋಗಿ ಹೆಸರು ಹಿಡಿದು ಕರೆಯಬೇಕು. ಕೂಲಿ ಕೊಟ್ಟರೂ ಅಷ್ಟೇ. ಕರೆಯದೆ ಹೋದವಳನ್ನು ಊರು ಆಡಿಕೊಳ್ಳುತ್ತದೆ. ಇದು ನನಗೂ ಗೊತ್ತು, ಕಸ್ತೂರಿಗೂ ಗೊತ್ತು. ಮೊಬೈಲಿನಲ್ಲಿ ಹಾಕಿದರೆ ಕರೆದಂತೆಯೇ ಅಂತ ನಾವು ಅಂದುಕೊಂಡಿದ್ದೆವು.

ಕಸ್ತೂರಿ ತಿರುಗಿ ಬೈಯುತ್ತಾಳೆ ಅಂತ ಕಾದೆ. ಅವಳು ಒಲೆಯ ಮುಂದೆ ಕುಳಿತು ಹಲಗೆಗೆ ಮೆತ್ತಿದ ಹಿಟ್ಟನ್ನು ಉಗುರಿನಿಂದ ಕೆರೆಯತೊಡಗಿದಳು.

"ನಮ್ಮವ್ವನ್ನ ಯಾರೂ ಹೆಸರ ಹಿಡದು ಕರದಿದ್ದಿಲ್ಲ ಗಂಗಕ್ಕಾ" ಅಂದಳು. "ನಮ್ಮ ಕೇರಿಯೊಳಗ ಯಾರೂ ಕಾಲ ಇಡತಿದ್ದಿಲ್ಲ. ಕೇರಿ ಬಾಯಾಗ ನಿಂತು ಒದರೋರು. ನಾಳಿ ಸುಗ್ಗಿ ಐತಿ, ಎಲ್ಲಾರೂ ಬರ್ರಿ ಅನ್ನೋರು. ನಮ್ಮವ್ವ ಹೋಗಾಕಿ. ಹೋಗಿ ಬಂದು ರಾತ್ರಿ ಉಣ್ಣೂಮುಂದ ಅನ್ನಾಕಿ, ನನಗೂ ಒಂದು ಹೆಸರೈತಿ, ಅದು ಯಾರಿಗೂ ಗೊತ್ತಿಲ್ಲ ಅಂತ." ಉಗುರಿನ ಹಿಟ್ಟು ಕೊಡವಿ, "ಎಲ್ಲಾರೂ ಬರ್ರಿ ಅನ್ನೂ ಅದ ಮಾತು ನನ್ನ ಬಾಯಾಗ ಬಂತು ನೋಡು" ಅಂದಳು.

ಒದರುವವರ ಪೈಕಿ ನಮ್ಮ ಮಾವನೂ ಇದ್ದ. ನೀರು ಕುಡಿ ಅಂದೆ. ಕುಡಿದಳು. "ನಾಳಿ ಚಚಡಿಗೆ ಹೋಗೂಣು" ಅಂದಳು.

ಮಾರನೆಯ ದಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಕಡಲೆ, ಬಿಳಿಜೋಳ, ನಡುನಡುವೆ ಕುಸುಬಿ. ಹೊಲಗಳಲ್ಲಿ ಚರಗ ಚೆಲ್ಲಿದ ಅನ್ನವನ್ನು ಹಕ್ಕಿಗಳು ಇನ್ನೂ ಹೆಕ್ಕುತ್ತಿದ್ದವು. ಚಚಡಿಯ ಹಳೆಯ ವಾಡೆಯ ಗೋಡೆ ಹಿಡಿದು ಹೋದರೆ ಬಾಳವ್ವನ ಮನೆ. ಅವಳು ಅಂಗಳದಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ನಾವು ಬಂದದ್ದು ಕೇಳಿಸಲಿಲ್ಲ. ಕಸ್ತೂರಿಯ ನೆರಳು ಮೆಣಸಿನಕಾಯಿಯ ಮೇಲೆ ಬಿದ್ದಾಗ ತಲೆ ಎತ್ತಿದಳು.

"ಹೊಸಾ ಹೆಂಗಸ ಸಿಕ್ಕಳೇನು?" ಅನ್ನುವುದೇ ಮೊದಲ ಮಾತು.

"ಹೊಸಾಕಿ ಯಾರೂ ಇಲ್ಲ. ಸುದ್ದಿ ಓದಿದ್ಯಲ್ಲಾ, ಯಾಕ ಬರ್ಲಿಲ್ಲ?" ಅಂತ ಕೇಳಿದೆ.

"ಓದಿದೆ. ಎಲ್ಲಾರೂ ಬರ್ರಿ ಅಂತಿತ್ತು." ಬಾಳವ್ವ ಮೆಣಸಿನಕಾಯಿ ಕೆಳಗಿಟ್ಟಳು. "ಗಂಗವ್ವಾ, ನನಗ ಕಿವಿ ಹೋದಾಗಿಂದ ಎಲ್ಲಾರಿಗೂ ಹೇಳಿದ್ದು ಯಾವುದೂ ನನಗ ಮುಟ್ಟಿಲ್ಲ. ಮದವಿ ಮನ್ಯಾಗ ಎಲ್ಲಾರೂ ಊಟಕ್ಕ ಏಳ್ರಿ ಅಂತಾರ, ನಾ ಕುಂತ ಕುಂತಿರತೇನಿ. ಊರಾಗ ಡಂಗುರ ಹೊಡೀತಾರ, ನಾ ಮಕ್ಕೊಂಡಿರತೇನಿ. ನನ್ನ ಮುಂದ ನಿಂತು, ಬಾಳವ್ವಾ ಅಂದದ್ದ ನನಗ ಹೇಳಿದ್ದು. ಇಕಿ ಅವತ್ತ ಒಲಿ ಆ ಕಡೆ ನಿಂತು ಬ್ಯಾರೆ ಯಾರನ್ನೋ ನೋಡೂಣು ಅಂದ್ಲು. ಅದನ್ನೂ ನೋಡೇನಿ. ಆಮ್ಯಾಲ ಎಲ್ಲಾರೂ ಅಂದ್ರ, ಆ ಎಲ್ಲಾರಾಗ ನಾ ಇಲ್ಲ ಅಂತ ನನಗ ತಿಳೀದನ?"

ಕಸ್ತೂರಿ ಅವಳೆದುರು ಕುಕ್ಕರಗಾಲಲ್ಲಿ ಕುಳಿತಳು. ಮೊಣಕಾಲು ನೋವಿಗೆ ಹಲ್ಲು ಕಚ್ಚಿದ್ದು ಕಾಣಿಸಿತು. "ಸಂಕ್ರಾಂತಿ ಭೋಗಿಗೆ ಮತ್ತ ಕೆಲಸ ಬಂದೈತಿ. ನಿನ್ನಿ ಹೊಳ್ಳಿ ಹೋದ ಮಂದಿನೂ ಇನ್ನೊಮ್ಮಿ ನೋಡತೇವಿ ಅಂದಾರ. ಬಾಳವ್ವಾ, ನೀ ಬರ್ಬೇಕು" ಅಂದಳು.

ಬಾಳವ್ವ ಆ ತುಟಿಯನ್ನು ನೋಡಿದಳು. "ಇವತ್ತ ಬಂದು ಕರದಿ. ದಿನಾ ಇಲ್ಲಿ ಮಟ ಬರ್ತೀಯೇನು? ಮೊಬೈಲ್ದಾಗ ಮಾರಿ ತೋರಸೂದು ಯಾವುದರಾಗ ಐತಿ?"

ಎರಡರಲ್ಲೂ ಇತ್ತು. ನಮ್ಮೊಳಗೆ ಯಾರಿಗೂ ಅದು ಹೊಳೆದಿರಲಿಲ್ಲ. ದಿನಾ ಮೊಮ್ಮಕ್ಕಳ ಮುಖ ನೋಡುವವರೇ ನಾವು. ಕೆಲಸಕ್ಕೂ ಅದು ಆಗುತ್ತದೆ ಅಂತ ತಿಳಿದಿರಲಿಲ್ಲ. ಕಸ್ತೂರಿ ಎದ್ದು ವಾಡೆಯ ಗೋಡೆಯ ಮೂಲೆಗೆ ಹೋಗಿ ನಿಂತು, ಮೊದಲು ನೀಲಿಯದರಿಂದ, ಆಮೇಲೆ ಹಸಿರಿನದರಿಂದ ಮುಖ ತೋರಿಸಿ ಮಾತಾಡಿದಳು. ಬಾಳವ್ವ ಅಂಗಳದಲ್ಲಿ ಕುಳಿತು ಮೊಬೈಲನ್ನು ದೂರ ಹಿಡಿದಳು, ಹತ್ತಿರ ಹಿಡಿದಳು, ನೆರಳಿಗೆ ಸರಿದು ನೋಡಿದಳು.

"ಹಸಿರದು ಇರ್ಲಿ" ಅಂದಳು. "ಹೆಂಗೂ ಎಲ್ಲಾರೂ ಅದನ್ನ ತಗದು ಕುಂತಿರತೀರಿ. ಆ ಗುಂಪು ಬ್ಯಾಡ. ಮಾರಿ ತೋರಿಸಿ ಕರಿ. ಫೋನ್ ಬಂದ್ರ ಅದರ ನಡುಕ ಮೈಗೆ ಹತ್ತತೈತಿ, ಸೊಂಟದಾಗ ಇಟಗೊಂಡಿರತೇನಿ. ಮತ್ತ ಬಾಯಾಗ ಎಲಿ ಅಡಿಕಿ ಹಾಕ್ಕೊಂಡು ಮಾತಾಡಬ್ಯಾಡ ಬೇ, ತುಟಿ ತಿಳಿಯೂದಿಲ್ಲ."

ಹೀಗೆ ನಮ್ಮ ಆ್ಯಪನ್ನು ಆರಿಸಿದವಳು ಬಾಳವ್ವ. ರೇಣುಕಾಗೆ ಹೇಳಿದರೆ, ಇದನ್ನ ನಾ ಮೊದಲ ಹೇಳೇನಿ ಅಂದಳು. ಹೇಳಿರಲಿಲ್ಲ.

ಭೋಗಿಯ ಹಿಂದಿನ ಸಂಜೆ ಕಸ್ತೂರಿ ಮುಖ ತೊಳೆದು, ತಲೆ ಬಾಚಿ, ಬಾಯಿ ಮುಕ್ಕಳಿಸಿ ಶೆಡ್ಡಿನ ಲೈಟಿನ ಕೆಳಗೆ ನಿಂತಳು. ನಾನು ಸಜ್ಜೆ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಮೊಬೈಲಿನಲ್ಲಿ ಮೊದಲು ಬಾಳವ್ವನ ಹಣೆ ಬಂತು, ಆಮೇಲೆ ಒಂದು ಕಣ್ಣು, ಆಮೇಲೆ ಮುಖವೆಲ್ಲ.

"ಬಾಳವ್ವಾ, ನಾಳಿ ನಸಕಿನ್ಯಾಗ ಬಾ" ಅಂದಳು ಕಸ್ತೂರಿ, ನಿಧಾನವಾಗಿ.

"ಯಾರು?"

"ನೀ. ಬಾಳವ್ವ. ನೀ ಬಾ."

"ಇನ್ನೊಮ್ಮಿ ಹೇಳು."

ಕಸ್ತೂರಿ ಇನ್ನೊಮ್ಮೆ ಹೇಳಿದಳು. ತಿಳಿಯಲಿಲ್ಲವೇನೋ ಅಂತ ನಾನೂ ಹಿಟ್ಟು ಬಿಟ್ಟು ಎದ್ದು ಬಗ್ಗಿ ನೋಡಿದೆ. ಅವಳಿಗೆ ಎಲ್ಲ ತಿಳಿದಿತ್ತು. ಮೊಬೈಲನ್ನು ಪಕ್ಕಕ್ಕೆ ಹೊರಳಿಸಿದಳು. ಅಲ್ಲಿ ಅವಳ ನಾದಿನಿ, ಓಣಿಯ ಇನ್ನಿಬ್ಬರು ಹೆಂಗಸರು ಕುಳಿತಿದ್ದರು. "ನೋಡ್ರಿ, ನೋಡ್ರಿ. ಬೈಲಹೊಂಗಲದಾಗ ನನ್ನ ಕರ್ಯಾಕತ್ತಾರ" ಅಂತ ಒದರಿದಳು. ಮೊಬೈಲು ನಡುಗಿತು. "ಬಂದೆ ಅಂತ ತಿಳಿ. ಗ್ವಾಡಿ ಕಡೆ ಒಲಿ ನಂದು, ಗಂಗವ್ವನ್ನ ಕೂಡಸಬ್ಯಾಡ" ಅಂದು ಮುಖ ಮಾಯ ಮಾಡಿದಳು.

"ಮೂರ ಸರ್ತಿ ಕರಿಸಿಕೊಂಡ್ಲು ಮುದುಕಿ" ಅಂದಳು ಕಸ್ತೂರಿ.

ಮುಂದೆ ಶಿವಲೀಲಾ. ಮೊಬೈಲಿನಲ್ಲಿ ಅವಳ ಚಿತ್ರ ಹುಡುಕಲು ಬೆರಳು ಎತ್ತಿದಳು. "ಗ್ವಾಡಿ ಆಚಿ ಕಡೆನ ಅದಾಳ, ಇಲ್ಲೇ ನಿಂತು ಒದರು" ಅಂದೆ. ಕಸ್ತೂರಿ ನನ್ನನ್ನು ಒಮ್ಮೆ ನೋಡಿದಳು. ಮೊಬೈಲನ್ನು ಹಲಗೆಯ ಮೇಲಿಟ್ಟಳು, ಚಪ್ಪಲಿ ಮೆಟ್ಟಿಕೊಂಡು, ಮೊಣಕಾಲು ಹಿಡಿದುಕೊಂಡು ಹೋದಳು. ಗೋಡೆಯ ಆಚೆಯಿಂದ ಅವರ ಮಾತು, ಬೈಗುಳ, ನಗು ಕೇಳಿಸಿದವು. ಚಹಾ ಕುಡಿದೇ ಬಂದಳು ಅಂತ ಕಾಣುತ್ತದೆ, ಅಷ್ಟು ತಡವಾಯಿತು.

ತಿರುಗಿ ಬಂದವಳು ಒಳಗೆ ಬರಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತು, "ಗಂಗಕ್ಕಾ, ನಾಳಿ ನಸಕಿನ್ಯಾಗ ನೀ ಬರ್ಬೇಕು" ಅಂದಳು.

"ಹುಚ್ಚೀ, ಮೈತುಂಬ ಹಿಟ್ಟು ಮಾಡಿಕೊಂಡು ನಿನ್ನ ಮನ್ಯಾಗನ ಕುಂತೇನಿ, ನನ್ನೇನ ಕರೀತಿ?" ಅಂತ ಬೈದೆ.

ಅವಳು ಬಾಗಿಲು ಬಿಟ್ಟು ಕದಲಲಿಲ್ಲ.

"ಆತು ಬಿಡು, ಬರತೇನಿ" ಅಂದೆ. ಆಗ ಒಳಗೆ ಬಂದಳು.